ರಿಜಿಸ್ಟರಿನ ನಾಲ್ಕನೆಯ ಅಂಕಣ

ಮುಂಬಯಿಯ ಲೋಕಲ್ ಟ್ರೇನಿನ ಹೆಂಗಸರ ಡಬ್ಬಿಯಲ್ಲಿ ಪಕ್ಕದವರ ಪತ್ರಿಕೆಯನ್ನು ಓರೆಗಣ್ಣಿನಿಂದ ಓದುವ ಸುಖ, ಸ್ವಂತಕ್ಕೆ ಕೊಂಡು ಓದಿದರೆ ಸಿಗುವುದಿಲ್ಲ. ಡೊಂಬಿವಲಿಯಿಂದ ಠಾಣೆ ತಲುಪುವಷ್ಟರಲ್ಲಿ ಅಪರಿಚಿತೆಯೊಬ್ಬಳ ಧಾರಾವಾಹಿಯ ಅರ್ಧ ಕಂತನ್ನು ಕಬಳಿಸಿ, ಆಕೆ ಪುಟ ಮಗುಚಿದಾಗ "ಜರಾ ಥಾಂಬಾ", ಸ್ವಲ್ಪ ತಾಳಿ, ಎಂದು ಮರಾಠಿಯಲ್ಲಿ ಬಾಯಿತಪ್ಪಿ ಅಂದುಬಿಟ್ಟವಳು ನಾನು. ಪುಣ್ಯಾತ್ಗಿತ್ತಿ ಕನಿಕರದಿಂದ ಪುಟ ಹಿಂದಕ್ಕೆ ತಿರುಗಿಸಿದಳು. ಪರರ ಓದಿನಲ್ಲಿ ನನಗೂ ಪಾಲುಂಟೆಂಬ ಈ ಉದಾರ ಭ್ರಮೆ ನಿರುಪದ್ರವಿ ಎಂದೇ ಬಹುಕಾಲ ನಂಬಿದ್ದೆ.

ತೊಂಬತ್ತರ ದಶಕದ ಕೊನೆಗೆ ಠಾಣೆಯ ನಮ್ಮ ಕನ್ನಡ ಸಂಘದ ಪುಟ್ಟ ಗ್ರಂಥಾಲಯಕ್ಕೆ ಹಳೆಯದೊಂದು ಕಂಪ್ಯೂಟರು, ಅದರ ಹಿಂದೆಯೇ ಇಂಟರ್‌ನೆಟ್ಟೂ ಬಂದವು. ಗುರುವಾರದ ಮಧ್ಯಾಹ್ನಗಳಲ್ಲಿ ಅಲ್ಲಿ ಕೂರುವ ಸೇವೆ ನನ್ನದು. ಹುಡುಗರು ಸಿನಿಮಾ ತಾರೆಯರ ಚಿತ್ರ ನೋಡುತ್ತಾ ಕಾಲ ಕಳೆದಾರೆಂಬ ಚಿಂತೆ ಹಿರಿಯರಿಗೆ. ಕಾನ್ವೆಂಟಿನಲ್ಲಿ ನೆಟ್ಟಗೆ ಗೆರೆ ಎಳೆಯಲು ಕಲಿತಿದ್ದ ನಾನು ರಿಜಿಸ್ಟರಿನಲ್ಲಿ ದಿನಾಂಕ, ಹೆಸರು, ವೇಳೆಗಳ ಪಕ್ಕ ನಾಲ್ಕನೆಯ ಅಂಕಣ ಹಾಕಿ, "ನೋಡಿದ ವಿಷಯ" ಎಂದು ಶೀರ್ಷಿಕೆ ಕೊಟ್ಟೆ. ಬಹುಪಾಲು ಮಂದಿಗೆ ಟೈಪು ಬಾರದಾದ್ದರಿಂದ ಅವರು ಕೇಳಿದ್ದನ್ನು ನಾನೇ ಕುಟ್ಟಿ, ನಾನೇ ಅಂಕಣದಲ್ಲಿ ದುಂಡಗೆ ಬರೆಯುತ್ತಿದ್ದೆ. ರಿಜಿಸ್ಟರು ಬಾಗಿಲ ಬಳಿಯ ಮೇಜಿನ ಮೇಲೆ, ದಾರ ಕಟ್ಟಿ ಇಟ್ಟದ್ದು. ಸರದಿ ಕಾಯುವವರು ಪತ್ರಿಕೆಗಿಂತ ಹೆಚ್ಚು ಆಸಕ್ತಿಯಿಂದ ಓದುತ್ತಿದ್ದುದು ಅದನ್ನೇ.

ಒಂದು ಗುರುವಾರ ವರ್ತಕ ನಗರದ ವೀಣಾ ಬಂದಳು. ಇಲ್ಲೇ ಹುಟ್ಟಿ ಬೆಳೆದ, ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಹುಡುಗಿ. ಮೆಲುದನಿಯಲ್ಲಿ ಆಕೆ ಹೇಳಿದ್ದನ್ನು ಕುಟ್ಟಿದೆ. ಅರ್ಧ ಗಂಟೆ ಓದಿ ಎದ್ದುಹೋದಳು. "ತೊನ್ನು, ಚಿಕಿತ್ಸೆ" ಎಂದು ಅಂದವಾಗಿ ಬರೆದೆ.

ಮರುವಾರ ಕಲ್ಯಾಣದ ಜಲಜಕ್ಕ ಪುಸ್ತಕ ಮರಳಿಸಲು ಬಂದರು. ಮಗನಿಗೆ ವೀಣಾಳನ್ನು ನೋಡಿ, ಮದುವೆಯ ಮಾತು ಹೆಚ್ಚುಕಡಿಮೆ ಮುಗಿಸಿದ್ದವರು. ಸುಮ್ಮನೆ ರಿಜಿಸ್ಟರು ಮಗುಚುತ್ತಿದ್ದವರ ಬೆರಳು ಒಂದೆಡೆ ನಿಂತಿತು.

"ಇದೆಂತ ಮಾರಾಯ್ತಿ, ನಿಮ್ಮ ಡಬ್ಬದಲ್ಲಿ ತೊನ್ನಿಗೆ ಮದ್ದು ಸಹ ಸಿಗ್ತದಾ?" ಎಂದು ನಕ್ಕವರು, ಹೆಸರು ನೋಡಿ ನಗು ನಿಲ್ಲಿಸಿದರು. "ಇವಳು ನಮ್ಮ ವೀಣನೇ ಅಲ್ವಾ?"

ಸುಳ್ಳಾಡಬಾರದೆಂದು ಸಿಸ್ಟರುಗಳಿಂದ ಕಲಿತವಳು ನಾನು, ತಲೆಯಾಡಿಸಿದೆ. "ನನಗೆ ಗೊತ್ತಿಲ್ಲ" ಎನ್ನಬಹುದಿತ್ತು. "ಅದು ನಿಮಗೇಕೆ ಜಲಜಕ್ಕ?" ಎಂದರೆ ಸುಳ್ಳೂ ಆಗುತ್ತಿರಲಿಲ್ಲ. ಅದು ಹೊಳೆದದ್ದು ರಾತ್ರಿ ಅಕ್ಕಿ ತೊಳೆಯುವಾಗ.

ನಿಶ್ಚಿತಾರ್ಥ ನಡೆಯಲಿಲ್ಲ.

ತಿಂಗಳ ಬಳಿಕ ವೀಣಾ ಬಂದು ನನ್ನೆದುರು ನಿಂತಳು. ಜಗಳವಾಡಿದ್ದರೆ ಹಗುರವಾಗುತ್ತಿತ್ತು.

"ಆಂಟಿ, ನಾನ್ ತೋ ಬರೀ ಹೆಸರು ಬರೆದಿದ್ದೆ. ಬಾಕಿ ನೀವೇ ಬರೆದ್ರಿ ನಾ?"

"ಹೌದಮ್ಮ."

"ಅವರು ಕೇಳ್ದಾಗ ಹೌದು ಅಂದದ್ದೂ ನೀವೇ?"

"ಹೌದು."

"ಯಾರಿಗೆ, ಯಾಕೆ ಅಂತ ಯಾರೂ ನನ್ನನ್ನ ಕೇಳ್ಳೇ ಇಲ್ಲ, ಆಂಟಿ."

ಆ ಪ್ರಶ್ನೆ ನನ್ನ ನಾಲಿಗೆ ತುದಿಯವರೆಗೆ ಬಂತು. ನೋಡಿ, ಆ ಗಳಿಗೆಯಲ್ಲೂ! ತನಗಾಗಿಯೋ, ತಂಗಿಗಾಗಿಯೋ, ಬರಿದೆ ಕುತೂಹಲಕ್ಕೋ, ನನಗಿಂದಿಗೂ ತಿಳಿಯದು. ಹಾಸ್ಟೆಲಿನಲ್ಲಿ ನಮ್ಮ ಮನೆಯ ಪತ್ರಗಳನ್ನು ಒಡೆದೋದಿ ಕೊಡುತ್ತಿದ್ದ ಸಿಸ್ಟರನ್ನು ಎಷ್ಟು ಶಪಿಸಿದ್ದೆ! ಆಕೆಯಾದರೂ ಓದಿದ್ದನ್ನು ಬಾಗಿಲ ಬಳಿ ದಾರ ಕಟ್ಟಿ ಇಟ್ಟಿರಲಿಲ್ಲ.

ಅಂದು ಸಂಜೆ ಕತ್ತರಿ ತಂದು ಪ್ರತಿ ಪುಟದ ನಾಲ್ಕನೆಯ ಅಂಕಣವನ್ನೂ ಕತ್ತರಿಸಿ ಹಾಕಿದೆ. "ಏನಮ್ಮ, ಇಲಿ ಬಿದ್ದಿತ್ತೇ?" ಎಂದರು ಕಾರ್ಯದರ್ಶಿಗಳು. "ಬಿದ್ದಿತ್ತು, ಗುರುವಾರಗಳಂದು ಬರುತ್ತಿತ್ತು" ಎಂದೆ. ಕಂಪ್ಯೂಟರು ತಾನೇ ಗುಟ್ಟಾಗಿ ಇಟ್ಟುಕೊಳ್ಳುವ, ನೋಡಿದ ಪುಟಗಳ ಪಟ್ಟಿಯನ್ನು ಅಳಿಸುವ ಕ್ರಮವನ್ನೂ ಕಷ್ಟಪಟ್ಟು ಕಲಿತೆ. ಕತ್ತರಿಸಿದ ಕಾಗದದಿಂದ ಆ ಹುಡುಗಿಗೆ ಏನೂ ಮರಳಲಿಲ್ಲವೆಂಬುದು ನನಗೆ ಗೊತ್ತು.

ಮಳೆಗಾಲ ಕಳೆದ ಮೇಲೆ ಒಂದು ಗುರುವಾರ ವೀಣಾ ಮತ್ತೆ ಬಂದಳು. ಬರುವಳೆಂದು ನಾನು ಎಣಿಸಿರಲಿಲ್ಲ. ಕುರ್ಚಿ ಎಳೆದು ಕೂತು, ಕೀಲಿಮಣೆಯ ಮೇಲೆ ಕೈಯಿಟ್ಟು, ಶುರುಮಾಡದೆ ನನ್ನ ಕಡೆಗೇ ನೋಡಿದಳು. ಪಟ್ಟಿ ಅಳಿಸುವುದೆಲ್ಲೆಂದು ತೋರಿಸಿಕೊಟ್ಟು, ಕಪಾಟಿನ ಬಳಿ ಹೋಗಿ ಅವಳಿಗೆ ಬೆನ್ನು ಮಾಡಿ ನಿಂತೆ. ಬಹಳ ಹೊತ್ತಿನ ಮೇಲೆ ಒಂದೊಂದೇ ಅಕ್ಷರ ಒತ್ತುವ ಸದ್ದು ಕೇಳಿಸಿತು.