ಸವಣೂರಿನಲ್ಲಿ ನನ್ನ ಏಕಾದಶಿ

ಇನ್ನೂ ನವಾಬರ ಆಳ್ವಿಕೆಯಿದ್ದ ಸವಣೂರಿನಲ್ಲಿ ನಾನು ನರ್ಸಬಾಯಿಯಾಗಿದ್ದಾಗ ನನಗೆ ಎರಡು ವಿಷಯಗಳ ಜಂಬ ವಿಪರೀತವಿತ್ತು. ಒಂದು, ಹುಬ್ಬಳ್ಳಿಯಲ್ಲಿ ಕಲಿತ ವಿದ್ಯೆ. ಇನ್ನೊಂದು, ನನ್ನ ಏಕಾದಶಿ. ಹಾನಗಲ್ಲಿನ ವೈಷ್ಣವರ ಮನೆಯಲ್ಲಿ ಬೆಳೆದವಳು, ಅವತ್ತು ಹನಿ ನೀರೂ ಮುಟ್ಟುತ್ತಿರಲಿಲ್ಲ. ಮುಟ್ಟಲಿಲ್ಲ ಎಂಬುದನ್ನು ನಾಲ್ಕು ಮಂದಿಗೆ ಹೇಳದೆ ಬಿಡುತ್ತಲೂ ಇರಲಿಲ್ಲ.

ವೀಳ್ಯದೆಲೆ ವ್ಯಾಪಾರದ ಒಬ್ಬ ಮುಸಲ್ಮಾನರ ಮನೆಗೆ ಬಾಣಂತಿಯನ್ನು ನೋಡಲು ಹೋಗುತ್ತಿದ್ದೆ. ಮನೆಯಲ್ಲಿ ಅತ್ತೆ, ಸೊಸೆ, ಚೊಚ್ಚಲ ಗಂಡುಕೂಸು. ಅಲ್ಲಿಯ ನೀರು ಕುಡಿಯದ ನನಗೆ ಅತ್ತೆ ಪ್ರತಿ ಸಲ ಎಲೆ ಕೊಡುತ್ತಿದ್ದರು. ಎಲೆಗೆ ಮೈಲಿಗೆಯಿಲ್ಲವೆಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಆ ರಂಜಾನಿನ ಮೊದಲ ಏಕಾದಶಿಯ ದಿನ ಎಲೆಯೂ ಬೇಡವೆಂದೆ. "ಯಾಕ್ರಿ ಬಾಯಾರ?" ಎಂದು ಅತ್ತೆ ಕೇಳಿದ್ದೇ ತಡ, ನನ್ನ ಉಪವಾಸದ ಪುರಾಣ ಬಿಚ್ಚಿದೆ. ಸೊಸೆ ಕಣ್ಣರಳಿಸಿ ಕೇಳಿದಳು. ನಾನು ಉಬ್ಬಿಹೋದೆ.

ಹದಿನೈದು ದಿನ ಬಿಟ್ಟು ಹೋದರೆ ಕೂಸು ಸೊರಗಿತ್ತು. ತೂಗಿದೆ, ಹಿಂದಿನ ತೂಕವೂ ಇರಲಿಲ್ಲ. ಹೆರಿಗೆಯಾಗಿ ನಲವತ್ತು ದಿನ ತುಂಬಿದ್ದೇ ಸೊಸೆ ರೋಜಾ ಉಪವಾಸ ಹಿಡಿದಿದ್ದಳು, ಎದೆಹಾಲು ಬತ್ತತೊಡಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ತಪ್ಪು ಯಾರದೆಂದು ವಿಚಾರಿಸುವ ಗೋಜಿಗೂ ಹೋಗದೆ ಅತ್ತೆಯ ಮೇಲೆ ಹರಿಹಾಯ್ದೆ. ನಿಮ್ಮ ಪದ್ಧತಿಯೇ ಹೀಗೆ, ನಿಮಗೆ ಕರುಣೆಯಿಲ್ಲ ಎಂದೆಲ್ಲ ಅಂದೆ.

ನಾನು ಉಸಿರು ಎಳೆದುಕೊಳ್ಳುವ ತನಕ ಅವರು ಕಾದರು. "ಕೂಸಿಗೆ ಹಾಲು ಕುಡಿಸಾಕಿ ರೋಜಾ ಬಿಡಬೌದ್ರಿ, ನಮ್ಮಲ್ಲಿ ಪರವಾನಗಿ ಐತಿ. ಮುಂದ ಹಿಡದ್ರ ನಡೀತೈತಿ. ವಾರದಿಂದ ಹೇಳಾಕತ್ತೇನಿ, ಕೇಳಾಕ ಒಲ್ಲಳು. ಯಾಕಂತ ನೀವ ಕೇಳ್ರಿ."

ಕೇಳಿದೆ. ಸೊಸೆ ತಲೆ ತಗ್ಗಿಸಿಕೊಂಡೇ ಹೇಳಿದಳು: "ನೀವು ಹನಿ ನೀರು ಕುಡೀದ ಊರೆಲ್ಲಾ ಅಡ್ಡಾಡಿ ಕೆಲಸಾ ಮಾಡ್ತೀರಲ್ರಿ. ನಾ ಮನ್ಯಾಗ ಕುಂತಾಕಿ. ನನಗ್ಯಾಕ ಆಗೂದಿಲ್ಲ?"

ಅಂದೂ ಏಕಾದಶಿ. ಅತ್ತೆ ಒಳಗೆ ಹೋಗಿ ಎರಡು ಲೋಟ ಆಡಿನ ಹಾಲು ತಂದು ನಮ್ಮಿಬ್ಬರ ನಡುವೆ ಇಟ್ಟರು. "ನೀವು ಕುಡದ್ರ ಆಕೀನೂ ಕುಡೀತಾಳ್ರಿ," ಎಂದರು. ಸೊಸೆ ನನ್ನನ್ನೇ ನೋಡುತ್ತಿದ್ದಳು. ಕೂಸಿಗೆ ಅಳುವ ತ್ರಾಣವೂ ಇರಲಿಲ್ಲ. ಹಾನಗಲ್ಲಿನಲ್ಲಿ ನನಗೆ ಏಕಾದಶಿ ಹಿಡಿಸಿದ್ದ ಸೋದರತ್ತೆಯ ಮುಖ ಕಣ್ಣೆದುರು ಬಂದು ನಿಜಕ್ಕೂ ಹೆದರಿಕೆಯಾಯಿತು. ಹೆದರಿಕೊಂಡೇ ಲೋಟ ಎತ್ತಿ ಗಟಗಟ ಕುಡಿದೆ. ನಾಚಿಕೆಯ ಸಂಗತಿಯೆಂದರೆ, ಬಹಳ ರುಚಿಯಾಗಿತ್ತು. ಸೊಸೆ ಬಿಸ್ಮಿಲ್ಲಾ ಎಂದು ತನ್ನ ಲೋಟ ಎತ್ತಿದಳು.

ಕೂಸು ದಿನ ಕಳೆದಂತೆ ಚೇತರಿಸಿಕೊಂಡಿತು. ಅತ್ತೆ ಮಾತ್ರ ಪಂಚಾಂಗದ ಹಂಗಿಲ್ಲದೆ, ಚಂದ್ರನನ್ನು ನೋಡಿಯೇ ನನ್ನ ಏಕಾದಶಿಗಳನ್ನು ಗುರುತಿಟ್ಟುಕೊಂಡರು. ಆ ದಿನ ಹೋದರೆ ಬಾಗಿಲ ಪರದೆ ಸರಿಸುತ್ತಿರಲಿಲ್ಲ. ಒಳಗಿನಿಂದಲೇ ಕೇಳುತ್ತಿದ್ದರು: "ಏನರ ಕುಡದ ಬಂದೀರೇನ್ರಿ ಬಾಯಾರ? ಇಲ್ಲಂದ್ರ ಅಲ್ಲೇ ನಿಂದರ್ರಿ. ನಿಮ್ಮ ಉಪಾಸ ನಮ್ಮ ಸೊಸಿಗೆ ಹತ್ತೀತು."