ನೀಲಕ್ಕನ ಕೋಟಿನ ಹೊಲಿದ ಜೇಬು

ನೀಲಕ್ಕನಿಗೆ ಸಿಟ್ಟು ಬಂದರೆ ಮೊದಲು ಗೊತ್ತಾಗುವುದು ನಮ್ಮ ಮನೆಯ ಬಟ್ಟೆ ಒಗೆಯುವ ಕಲ್ಲಿಗೆ. ಪೀಣ್ಯದ ನಮ್ಮ ಮನೆಯ ಹಿಂದಿನ ರೂಮಿನಲ್ಲಿ ಹತ್ತು ವರ್ಷದಿಂದ ಬಾಡಿಗೆಗಿರುವ, ಕೊಪ್ಪಳ ಕಡೆಯ ನೀಲಾಂಬಿಕಾ ಅವಳು. 2013ರ ಆ ಶನಿವಾರ ಸಂಜೆ ಫ್ಯಾಕ್ಟರಿಯ ನೀಲಿ ಕೋಟನ್ನು ಅವಳು ಎಂಥಾ ಏಟಿನಲ್ಲಿ ಕಲ್ಲಿಗೆ ಬಡಿದಳೆಂದರೆ ಒಂದು ಗುಂಡಿ ಹಾರಿ ತುಳಸಿ ಕಟ್ಟೆಯ ಹತ್ತಿರ ಬಿತ್ತು.

“ಇಂಗ್ಯಾಕಮ್ಮ ಬಡೀತೀಯ? ಯಾರ ಮ್ಯಾಗೆ ಕ್ವಾಪ?” ಎಂದು ನಮ್ಮಮ್ಮ ಈಶ್ವರಮ್ಮ ಕೇಳಿದಳು.

“ನನ್ನ ಮ್ಯಾಲೇ ರೀ. ಈ ನನ್ನ ಕೈ ಮ್ಯಾಲೆ!”

ಆ ಕೈ ಅವಳ ಫ್ಯಾಕ್ಟರಿ ಶಾಪಿನಲ್ಲೇ ಹೆಸರಾದ ಕೈ. ಅವಳು ಓಡಿಸುವುದು ಪವರ್ ಪ್ರೆಸ್. ತಗಡಿನ ತುಂಡನ್ನು ಅಚ್ಚಿನ ಮೇಲಿಟ್ಟರೆ ಟನ್‌ಗಟ್ಟಲೆ ಭಾರ ಮೇಲಿಂದ ಇಳಿದು ಕುಟ್ಟುತ್ತದೆ. ಎಡಕ್ಕೊಂದು ಬಲಕ್ಕೊಂದು ಬಟನ್, ಎರಡನ್ನೂ ಒಟ್ಟಿಗೆ ಒತ್ತಿದರಷ್ಟೇ ಅದು ಇಳಿಯುವುದು; ತಟ್ಟನೆ ನಿಲ್ಲಿಸಲು ಬೇರೆ ಒಂದು ಕೆಂಪು ಬಟನ್. ಎರಡೂ ಕೈ ಬಟನ್ ಮೇಲಿದ್ದರೆ ಯಾವ ಕೈಯೂ ಅಚ್ಚಿನೊಳಗೆ ಇರುವುದಿಲ್ಲ, ಅಷ್ಟು ಸರಳ! ಆದರೆ ಹಾಗೆ ಒತ್ತುತ್ತಾ ಕೂತರೆ ಸೂಪರ್‌ವೈಸರ್ ಸಿದ್ದರಾಜು ಕೇಳುವಷ್ಟು ಪೀಸು ಬರುವುದಿಲ್ಲ. ಅದಕ್ಕೇ ಅಲ್ಲಿ ಒಂದು ಪದ್ಧತಿ. ಬೆಳಿಗ್ಗೆ ಬಂದವರು ಮೆಷಿನ್ನಿಗೆ ಊದಿನಕಡ್ಡಿ ಹಚ್ಚಿ ಕೈ ಮುಗಿಯುತ್ತಾರೆ, ಆಮೇಲೆ ಅದೇ ಊದಿನಕಡ್ಡಿ ಪ್ಯಾಕೆಟ್ಟಿನ ರಟ್ಟು ಹರಿದು ನಾಲ್ಕು ಮಡಿಕೆ ಮಡಚಿ ಎಡಗಡೆ ಬಟನ್ನಿನ ಸಂದಿಗೆ ತುರುಕುತ್ತಾರೆ. ಬಟನ್ ಒತ್ತಿದಂತೆಯೇ ನಿಂತುಬಿಡುತ್ತದೆ. ಬಲಗೈ ಒಂದೇ ಒತ್ತಿದರೆ ಸಾಕು, ಎಡಗೈ ಅಚ್ಚಿಗೆ ತಗಡು ಹಾಕುತ್ತಾ ತೆಗೆಯುತ್ತಾ ಇರಬಹುದು. ದೇವರಿಗೆ ಕಡ್ಡಿ, ಬಟನ್ನಿಗೆ ರಟ್ಟು. ನೀಲಕ್ಕ ಹನ್ನೊಂದು ವರ್ಷ ಹೀಗೇ ಓಡಿಸಿದಳು, ಹತ್ತು ಬೆರಳೂ ಉಳಿದವು. ಪಕ್ಕದ ಮೆಷಿನ್ನಿನ ಬಸಕ್ಕನಿಗೆ ಉಳಿದದ್ದು ಏಳು.

ಬಸಕ್ಕ ಊರಿಗೆ ಹೋದ ಮೇಲೆ ಕಂಪನಿಗೆ ಜ್ಞಾನೋದಯವಾಗಿ ಒಬ್ಬ ಟ್ರೇನರ್ ಬೇಕೆನಿಸಿತು. ಎಲ್ಲರಿಗಿಂತ ಜೋರಾಗಿ ಓಡಿಸುವವಳು ಯಾರು? ನೀಲಕ್ಕ. ಹಾಗಾದರೆ ಕಲಿಸುವವಳೂ ಅವಳೇ, ಎಂಥಾ ಲೆಕ್ಕಾಚಾರ ನೋಡಿ! ತುಮಕೂರು ರಸ್ತೆಯ ಒಂದು ಹೋಟೆಲಿನಲ್ಲಿ ಎರಡು ದಿನ ಕೋರ್ಸು ಮಾಡಿಸಿದರು. ಟೈ ಕಟ್ಟಿದವನೊಬ್ಬ ಚೆಂಡು ಎಸೆದಾಡಿಸಿ, ಕಣ್ಣಿಗೆ ಕಣ್ಣಿಟ್ಟು ಮಾತಾಡಬೇಕು, ಕೊನೆಗೆ ‘ಅರ್ಥ ಆಯಿತಾ’ ಎಂದು ಕೇಳಬೇಕು ಎಂದು ಹೇಳಿ ಸರ್ಟಿಫಿಕೇಟ್ ಕೊಟ್ಟ. ಅಲ್ಲಿ ಪ್ರೆಸ್ ಇರಲಿಲ್ಲ, ಪ್ರೆಸ್ಸಿನ ಫೋಟೊ ಕೂಡ ಇರಲಿಲ್ಲ.

ಮೊದಲ ಬ್ಯಾಚಿನಲ್ಲಿ ಆರು ಹುಡುಗಿಯರು. “ಆರು ಮಂದಿ ಅಂದ್ರ ಅರವತ್ತು ಬೆರಳು ರೀ,” ಎಂದು ನೀಲಕ್ಕ ಹಿಂದಿನ ದಿನವೇ ನಮ್ಮಮ್ಮನಿಗೆ ಹೇಳಿದ್ದಳು. “ಒಂದೂ ಕಮ್ಮಿ ಆಗಬಾರದು.”

ಮೂರು ದಿನ ಗಂಟಲು ಹರಿಯುವಂತೆ ಹೇಳಿದಳು: ಎರಡು ಬಟನ್, ಎರಡು ಕೈ. ಕೊನೆಗೆ “ಅರ್ಥ ಆತಿಲ್ಲೋ?” ಎಂದು ಕೇಳಿದಳು. ಆರು ತಲೆಗಳೂ ಅಲ್ಲಾಡಿದವು.

ನಾಲ್ಕನೇ ದಿನ, ಅಂದರೆ ಆ ಶನಿವಾರ, ಯಾದಗಿರಿ ಕಡೆಯ ಶೈಲಾ ಎಂಬ ಹುಡುಗಿ ಚೀರಿಕೊಂಡಳು. ಪ್ರೆಸ್ ಇಳಿದಿತ್ತು. ಅವಳ ಎಡಗೈ ಗ್ಲೌಸಿನ ತುದಿ ಅಚ್ಚಿನಲ್ಲಿ ಸಿಕ್ಕಿ ಹಪ್ಪಳವಾಗಿತ್ತು. ಗಂಡಸರ ಅಳತೆಯ ಗ್ಲೌಸು, ಹುಡುಗಿಯ ಬೆರಳು ಗಿಡ್ಡ. ತುದಿ ಖಾಲಿ ಇದ್ದದ್ದರಿಂದ ಬೆರಳು ಉಳಿಯಿತು, ಇನ್ನು ಯಾವ ಪುಣ್ಯದಿಂದಲೂ ಅಲ್ಲ.

ಎಡ ಬಟನ್ನಿನ ಸಂದಿಯಲ್ಲಿ ಮಡಚಿದ ರಟ್ಟು ಇತ್ತು.

“ಏಯ್, ತಲಿ ಐತೇನ್ ನಿನಗ? ನೂರು ಸಲ ಹೇಳೀನಿ, ಎರಡು ಕೈ, ಎರಡು ಕೈ ಅಂತ! ರಟ್ಟು ಹಾಕಾಕ ಯಾರು ಕಲಿಸಿದ್ರು ನಿನಗ?”

ಶೈಲಾ ಹೇಳಿದಳು, “ನೀವೇ ರೀ ಅಕ್ಕಾ.”

“ನಾನಾ? ಸುಳ್ಳಿ!”

“ದಿನಾ ತೋರ್ಸೋ ಮುಂದ ಜೇಬಿನಾಗಿಂದ ತೆಗೆದು ಹಾಕ್ತಿದ್ರಲ್ಲಾ. ನೀವು ಹೇಳಿದ್ದು ನನಗ ಈ ಸದ್ದಿನಾಗ ಕೇಳಿಸಲಿಲ್ಲ ರೀ. ಮಾಡಿದ್ದು ಕಾಣ್ತು.”

ನೀಲಕ್ಕ ಜೇಬಿಗೆ ಕೈ ಹಾಕಿದಳು. ಮೂರು ರಟ್ಟು ಸಿಕ್ಕವು, ನಾಲ್ಕು ಮಡಿಕೆಯವು, ಗಂಧದ ವಾಸನೆಯವು. ಮನೆಯಿಂದ ಹೊರಡುವಾಗ ಚಪ್ಪಲಿ ಮೆಟ್ಟಿದ್ದು ಹೇಗೆ ನೆನಪಿರುವುದಿಲ್ಲವೋ ಹಾಗೆ, ಬಾಯಿ ಒಂದು ಹೇಳುತ್ತಿದ್ದಾಗ ಕೈ ತನ್ನ ಪಾಡಿಗೆ ಹನ್ನೊಂದು ವರ್ಷದ ಕೆಲಸ ಮಾಡಿಬಿಟ್ಟಿತ್ತು.

ಅಷ್ಟರಲ್ಲಿ ಸಿದ್ದರಾಜು ರಿಜಿಸ್ಟರ್ ಹಿಡಿದು ಬಂದ. “ಆಪರೇಟರ್ ಕೇರ್‌ಲೆಸ್ ಅಂತ ಬರೆದ್ಬಿಡ್ತೀನಿ. ಹುಡುಗೀನ ಮನೆಗೆ ಕಳ್ಸಮ್ಮ, ಬೇರೆ ಸಿಗ್ತಾರೆ.”

ಕೇರ್‌ಲೆಸ್ ಅಂತೆ! ಬಸಕ್ಕನ ಮೂರು ಬೆರಳಿನ ಮುಂದೆಯೂ ಅದೇ ಪದ ಬರೆದಿದ್ದ ಪುಣ್ಯಾತ್ಮ.

“ಟ್ರೇನರ್ ತಪ್ಪು ಅಂತ ಬರೀರಿ,” ಎಂದಳು ನೀಲಕ್ಕ. “ಹುಡುಗಿ ಎಲ್ಲೂ ಹೋಗಂಗಿಲ್ಲ. ಹೋದ್ರ ಇಬ್ಬರೂ ಹೋಗ್ತೀವಿ.”

ಅರ್ಜೆಂಟ್ ಆರ್ಡರ್ ಇದ್ದದ್ದಕ್ಕೆ ಅವನು ಏನನ್ನೂ ಬರೆಯದೆ ಗೊಣಗುತ್ತಾ ಹೋದ.

ಕೋಟಿಗೆ ಬಿದ್ದ ಏಟು ಅದಕ್ಕೇ. ಆ ರಾತ್ರಿ ಅವಳು ನಮ್ಮಮ್ಮನ ಹತ್ತಿರ ಸೂಜಿ ದಾರ ಇಸಿದುಕೊಂಡು ಕೋಟಿನ ಎರಡೂ ಜೇಬುಗಳ ಬಾಯಿ ಹೊಲಿದುಬಿಟ್ಟಳು. ಹಾರಿದ ಗುಂಡಿಯ ನೆನಪೇ ಆಗಲಿಲ್ಲ! ಊದಿನಕಡ್ಡಿಯನ್ನು ಗೇಟಿನ ಹೊರಗೇ ಹಚ್ಚಿ, ಪ್ಯಾಕೆಟ್ಟನ್ನೂ ಅಲ್ಲೇ ಬಿಟ್ಟು ಒಳಗೆ ಬರಬೇಕೆಂದು ತನ್ನ ಬ್ಯಾಚಿಗೆ ಕಟ್ಟಪ್ಪಣೆ ಮಾಡಿದಳು.

ಸೋಮವಾರ ಕಲಿಸುವ ರೀತಿಯೇ ಬದಲಾಯಿತು. ಮೊದಲು ಬಾಯಿ ಮುಚ್ಚಿಕೊಂಡು, ಅರ್ಧ ವೇಗದಲ್ಲಿ, ಐದು ಸಲ ಮಾಡಿ ತೋರಿಸಿದಳು. ಮಾತು ಆಮೇಲೆ, ಮೆಷಿನ್ ನಿಲ್ಲಿಸಿದ ಮೇಲೆ. ‘ಅರ್ಥ ಆತಿಲ್ಲೋ’ ಎಂಬ ಪ್ರಶ್ನೆಯನ್ನೇ ಬಿಟ್ಟಳು, ಯಾಕೆಂದರೆ ಅದಕ್ಕೆ ಹೂಂ ಎನ್ನದ ಹುಡುಗಿ ಭೂಮಿಯ ಮೇಲಿಲ್ಲ. ಬದಲಿಗೆ, “ಈಗ ನಾನು ಹೊಸಾಕಿ. ನನಗ ಕಲಿಸು,” ಎಂದು ಅವರ ಮುಂದೆ ಕೂತಳು. ಬೇಕಂತಲೇ ತಪ್ಪು ಮಾಡುವಳು. ಹಿಡಿಯದಿದ್ದರೆ ಬೈಗುಳ. ಹಿಡಿದು “ಅಕ್ಕಾ, ಅದು ಹಂಗಲ್ಲೇನೋ ರೀ” ಎಂದು ಮೆತ್ತಗೆ ರಾಗ ಎಳೆದರೆ ಇನ್ನೂ ದೊಡ್ಡ ಬೈಗುಳ. “ಪ್ರೆಸ್ಸು ನಿನ್ನ ಮಾವನೇನ, ಮರ್ಯಾದಿ ಕೊಡಾಕ? ಕೆಂಪು ಬಟನ್ ಹೊಡಿ! ನಿಲ್ಲಿಸು! ಆಮ್ಯಾಲೆ ಬೈ!” ಶೈಲಾಗೆ ಇನ್ನೊಂದು ಕೆಲಸವೂ ಇತ್ತು: ನೀಲಕ್ಕನ ಎಡಗೈ ಕಾಯುವುದು. ಅದು ಹೊಲಿದ ಜೇಬನ್ನು ತಡವಿದಾಗಲೆಲ್ಲ “ಕೈ!” ಎಂದು ಕೂಗುವುದು. ಮೊದಲ ದಿನ ಹದಿನೇಳು ಸಲ ಕೂಗಿದಳಂತೆ. ಮೂರನೇ ವಾರಕ್ಕೆ ಕೂಗು ನಿಂತಿತು.

ಮುಂದಿನ ತಿಂಗಳು ಮತ್ತೆ ಅರ್ಜೆಂಟ್. ಸಿದ್ದರಾಜು ರೇಗಿಕೊಂಡು ಬಂದ. “ಮೇಡಂ ಟ್ರೇನರ್, ಸ್ಕೂಲು ಸಾಕು. ಸಾಯಂಕಾಲ ಲೋಡ್ ಹೋಗ್ಬೇಕು, ರಟ್ಟು ಹಾಕ್ಸಿ.”

“ಹಾಕ್ಸಂಗಿಲ್ಲ.”

“ಹನ್ನೊಂದು ವರ್ಷ ನೀನೇ ಹಾಕ್ದೆಯಲ್ಲಮ್ಮ! ಆವಾಗ ಎಲ್ಲೋಗಿತ್ತು ಈ ವೇದಾಂತ?”

ನೀಲಕ್ಕನ ಮುಖ ಕೆಂಪಾಯಿತು. ಮಾತು ನಿಜವಾಗಿತ್ತು, ಅದಕ್ಕೇ ಹೆಚ್ಚು ಉರಿಯಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಶೈಲಾಳನ್ನು ಸ್ಟೂಲಿನಿಂದ ಎಬ್ಬಿಸಿ, ಬಟನ್ನಿಗೆ ರಟ್ಟು ತುರುಕಿ, ತಾನೇ ಕೂತ. “ನೋಡ್ಕೊಳ್ರೇ, ಹಿಂಗೆ ಓಡಿಸ್ಬೇಕು.” ಎಡಗೈ ಅಚ್ಚಿನೊಳಗೆ ಹೋಯಿತು. ಬಲಗೈ ಬಟನ್ನಿನ ಹತ್ತಿರ ಬಂತು.

ಪ್ರೆಸ್ ತಟ್ಟನೆ ಸತ್ತಂತೆ ನಿಂತಿತು. ಕೆಂಪು ಬಟನ್ನಿನ ಮೇಲೆ ಶೈಲಾಳ ಅಂಗೈ ಇತ್ತು.

“ಕೈ ತಗೀರಿ! ತಲಿ ಐತೇನ್ರೀ ನಿಮಗ? ಎರಡು ಬಟನ್, ಎರಡು ಕೈ!”

ದನಿ, ರಾಗ, ಕಣ್ಣು ಕೆಕ್ಕರಿಸುವುದು, ಎಲ್ಲವೂ ಥೇಟ್ ನೀಲಕ್ಕ. ಉಳಿದ ಐವರೂ ತಮ್ಮ ತಮ್ಮ ಮೆಷಿನ್ ನಿಲ್ಲಿಸಿದರು. ಶಾಪಿನಲ್ಲಿ ಅಷ್ಟು ನಿಶ್ಶಬ್ದ ಯಾವತ್ತೂ ಆಗಿರಲಿಲ್ಲವಂತೆ.

ಸಿದ್ದರಾಜು ನೀಲಕ್ಕನ ಕಡೆ ತಿರುಗಿದ. “ಏನಮ್ಮ ಇದು? ಇದನ್ನಾ ನೀನು ಕಲ್ಸಿದ್ದು?”

“ಹೂಂ. ಇದನ್ನ.”

ಅವನು ಅಚ್ಚನ್ನೊಮ್ಮೆ, ತನ್ನ ಎಡಗೈಯನ್ನೊಮ್ಮೆ ನೋಡಿ, ಆ ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿಕೊಂಡು ಹೊರಗೆ ಹೋದ. ಲೋಡು ಮಾರನೆಯ ದಿನ ಮಧ್ಯಾಹ್ನ ಹೋಯಿತು, ಆಕಾಶವೇನೂ ಬೀಳಲಿಲ್ಲ.

ಶೈಲಾ ಹೊಗಳಿಕೆಗೆ ಕಾಯುತ್ತಾ ನಿಂತಿದ್ದಳು. ನೀಲಕ್ಕ ಸೀದಾ ಬಂದು ಬಟನ್ನಿನ ಸಂದಿಯಿಂದ ರಟ್ಟು ಕಿತ್ತು ಅವಳ ಮೂಗಿನ ಮುಂದೆ ಹಿಡಿದಳು.

“ಇದನ್ನ ತುರುಕೋದು ನೋಡೀದಿಲ್ಲೋ? ಆಗ ಹೊಡೀಬೇಕಿತ್ತು ಕೆಂಪು ಬಟನ್. ಅಂವ ಒಳಗ ಕೈ ಇಡೋ ತನಕ ಏನ್ ನೋಡ್ತಾ ನಿಂತಿದ್ದಿ? ಕೂಡು. ಮೊದಲಿಂದ ಕಲಿಸು ನನಗ.”