ಬೀಜಾಡಿಯ ಹೊಯ್ಗೆಯಲ್ಲಿ ಹಿತ್ತಲು ಮಾಡಿದ್ದು

ನಾನು ಬಾರ್ಕೂರಿನಿಂದ ಬೀಜಾಡಿಗೆ ಸೊಸೆಯಾಗಿ ಬಂದದ್ದು ತೊಂಬತ್ತೇಳರ ಬೇಸಿಗೆಯಲ್ಲಿ. ತವರಿನಲ್ಲಿ ಹೊಳೆಬದಿಯ ಕಪ್ಪು ಮಣ್ಣು. ಬೆಂಡೆಬೀಜ ಕೈತಪ್ಪಿ ಬಿದ್ದರೂ ಅಲ್ಲಿ ಗಿಡವಾಗುತ್ತಿತ್ತು. ಗಂಡನ ಮನೆಯ ಹಿಂದೆ ಬರೀ ಹೊಯ್ಗೆ ಎನ್ನುವ ಮರಳು, ಒಂದಷ್ಟು ತೆಂಗಿನಮರ, ಅವುಗಳಾಚೆ ಕಡಲು. ಗಂಡ ಗಂಗೊಳ್ಳಿಯಿಂದ ಬೋಟಿಗೆ ಹೋಗುತ್ತಿದ್ದರು. ಅತ್ತೆ ಬೆಳಕು ಹರಿಯುವ ಮೊದಲೇ ಮೀನಿನ ಬುಟ್ಟಿ ಹೊತ್ತು ಕೋಟೇಶ್ವರದ ಕಡೆ ನಡೆದುಬಿಡುತ್ತಿದ್ದರು. ಬಂದ ಹೊಸತರಲ್ಲಿ, ಬಸಳೆಬಳ್ಳಿ ಎಲ್ಲಿ ಹಬ್ಬಿಸಲಿ ಎಂದು ಕೇಳಿದ್ದಕ್ಕೆ ಅವರು ನಕ್ಕಿದ್ದರು.

"ಈ ಹೊಯ್ಗಿಯಗೆ ಎಂತ ಆತ್ತ್ ಹೆಣ್ಣೆ? ಕಡ್ಲ್ ಗಾಳಿಗೆ ನಾವ್ ನಿಂತ್ಕಂಬುದೇ ಕಷ್ಟ, ಇನ್ನ್ ಬಸ್ಳಿ!"

ನಾನೂ ಆ ವಿಷಯ ಅಲ್ಲಿಗೇ ಬಿಟ್ಟೆ. ಹೀಗೇ ಕೆಲವು ವರ್ಷ ಕಳೆಯಿತು. ಅತ್ತೆಯೂ ನಾನೂ ಒಂದೇ ಸೂರಿನಡಿ ಇದ್ದರೂ ಮಾತು ಮಾತ್ರ ಅಷ್ಟಕ್ಕಷ್ಟೆ. ಅವರು ಬೆಳಿಗ್ಗೆ ಹೋದರೆ ದಣಿದು ಬರುತ್ತಿದ್ದರು, ಉಂಡು ಮಲಗುತ್ತಿದ್ದರು. ಜಗಳ ಇರಲಿಲ್ಲ, ಸಲಿಗೆಯೂ ಇರಲಿಲ್ಲ.

ಒಂದು ವರ್ಷ ಮಳೆ ಶುರುವಾದ ವಾರದಲ್ಲಿ ಅತ್ತೆ ಬಿದ್ದರು. ಮೀನು ಕೊಡಲು ಹೋದ ಮನೆಯ ಮುರಕಲ್ಲಿನ ಮೆಟ್ಟಿಲಿಗೆ ಹಾವಸೆ ಕಟ್ಟಿತ್ತು, ಕಾಲು ಜಾರಿತು. ಸೊಂಟದ ಎಲುಬು ಮುರಿದಿತ್ತು. ಉಡುಪಿಯಲ್ಲಿ ಆಪರೇಷನ್ ಆಯಿತು. ಇನ್ನು ಬುಟ್ಟಿ ಹೊರುವಂತಿಲ್ಲ, ವಾಕರ್ ಹಿಡಿದು ನಿಧಾನ ನಡೆದು ಅಭ್ಯಾಸ ಮಾಡಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು. ಗಾಳಿ ಬೆಳಕು ಇರಲೆಂದು ಹಿಂಬಾಗಿಲ ಪಕ್ಕದಲ್ಲೇ ಅವರ ಮಂಚ ಹಾಕಿದೆವು.

ಅವರು ಆ ವಾಕರನ್ನು ಮುಟ್ಟಲೇ ಇಲ್ಲ. ಊಟಕ್ಕೆ ಕರೆದರೆ "ಬ್ಯಾಡ" ಅನ್ನುವರು. ಗಂಡ ಹತ್ತಿರ ಕೂತು ಎಷ್ಟು ಹೇಳಿದರೂ ಒಂದೇ ಉತ್ತರ: "ನಂದ್ ಮುಗೀತ್ ಮಗಾ. ಬಿಡ್." ಊರಿಡೀ ಕೇಳುವಂತೆ ಕೂಗಿ ಮೀನು ಮಾರಿದ ಗಂಟಲು ಅದು. ಈಗ ನೀರು ಬೇಕೆಂದರೂ ಕೈ ಸನ್ನೆ.

ಮಳೆಗಾಲವಾದ್ದರಿಂದ ಬೋಟುಗಳೆಲ್ಲ ದಡ ಸೇರಿದ್ದವು. ಗಂಡ ಜಗಲಿಯಲ್ಲಿ ಬಲೆ ಹೆಣೆಯುತ್ತ ಕೂರುತ್ತಿದ್ದರು. ಮನೆಗೆ ತಾಜಾ ಮೀನಿಲ್ಲ. ತರಕಾರಿಗೆ ಕುಂದಾಪುರಕ್ಕೆ ಬಸ್ಸು ಹಿಡಿಯೋಣವೆಂದರೆ ಅತ್ತೆಯನ್ನು ಬಿಟ್ಟು ಹೋಗಲು ಮನಸ್ಸು ಬರುತ್ತಿರಲಿಲ್ಲ. ಆಗ ನನ್ನ ಹಳೆಯ ಆಸೆ ಎದ್ದು ಕೂತಿತು. ಅಣ್ಣನಿಗೆ ಹೇಳಿ ಬಾರ್ಕೂರಿನಿಂದ ಟೆಂಪೋದಲ್ಲಿ ಗದ್ದೆಮಣ್ಣು ತರಿಸಿದೆ. ಅಮ್ಮ ಬೂದಿ ಬೆರೆಸಿಟ್ಟಿದ್ದ ಬೀಜ ಕಟ್ಟಿ ಕಳಿಸಿದಳು. ಬಾವಿಯ ಹತ್ತಿರ ನೆಲ ಸಮತಟ್ಟಾಗಿದೆಯೆಂದು ಅಲ್ಲೇ ಸಾಲು ಮಾಡಿ ಬೆಂಡೆ, ಹೀರೆ, ಅಲಸಂಡೆ ಹಾಕಿದೆ. ಮೊಳಕೆ ಬಂದಾಗ ಎಷ್ಟು ಹಿಗ್ಗು ನನಗೆ!

ಆರಿದ್ರಾ ಮಳೆ ಹಿಡಿದದ್ದು ಬಿಡಲಿಲ್ಲ. ಹೊಯ್ಗೆಯಲ್ಲಿ ನೀರು ನಿಲ್ಲುವುದಿಲ್ಲವೆಂದು ನಾನು ನಂಬಿದ್ದೆ. ಆದರೆ ಬಾವಿಯ ನೀರು ಕೈಗೆಟುಕುವಷ್ಟು ಮೇಲೆ ಬಂದಾಗ ಸುತ್ತಲಿನ ನೆಲವೂ ತುಂಬಿಕೊಂಡಿತು. ತವರಿನ ಮಣ್ಣು ಗಂಜಿಯಂತೆ ಕರಗಿ ಹರಡಿತು. ಸಸಿಗಳು ಕೊಳೆತು ಮಲಗಿದವು. ಹಿಂಬಾಗಿಲ ಮಾಡಿನ ಕೆಳಗೆ ನಿಂತು ನೋಡುತ್ತ ಅಳು ತಡೆಯಲಾಗಲಿಲ್ಲ.

ಹಿಂದಿನಿಂದ ಮಾತು ಕೇಳಿತು.

"ನೀನ್ ಅಲ್ ನೆಟ್ಟದ್ದೇ ಸಮ ಇಲ್ಲೆ. ನೀರ್ ಬಂದ್ ಮಲ್ಗೂದೇ ಅಲ್ಲಿ."

ತಿರುಗಿದೆ. ಅತ್ತೆ ಮೊಣಕೈ ಊರಿ ಅರ್ಧ ಎದ್ದಿದ್ದರು.

"ನಿಮ್ಗ್ ಹ್ಯಾಂಗ್ ಗೊತ್ತಾಯ್ತು ಅತ್ತೆ?"

"ದಿನ ಇಡೀ ಹಿತ್ಲನ್ನೇ ಕಾಂತಾ ಇದ್ನಲೆ. ನಂಗ್ ಬೇರೆಂತ ಕೆಲ್ಸ ಇತ್ತ್?"

ನಾನು ಅವರ ಮಂಚದ ತುದಿಯಲ್ಲಿ ಕೂತೆ. ಅವರು ಬೆರಳು ಚಾಚಿ ತೋರಿಸತೊಡಗಿದರು. ಮಾಡಿನ ನೀರು ಮೊದಲು ಬಾವಿಕಟ್ಟೆಯತ್ತ ಓಡುತ್ತದೆ, ಅಲ್ಲಿ ನಿಲ್ಲುತ್ತದೆ, ತುಂಬಿದ ಮೇಲೆ ತೆಂಗಿನ ಬುಡ ಬಳಸಿ ನಿಧಾನ ಹೊರಗೆ ಹೋಗುತ್ತದೆ. ಮೀನು ಒಣಗಿಸುವ ಜಾಗ ಮಾತ್ರ ತುಸು ಎತ್ತರ, ಮಳೆ ಬಿಟ್ಟ ಕೂಡಲೇ ಅದು ಆರಿಬಿಡುತ್ತದೆ. ಇಷ್ಟು ವರ್ಷ ಈ ಹಿತ್ತಲಲ್ಲೇ ಓಡಾಡಿದ ನಾನು ಇದೊಂದನ್ನೂ ಗಮನಿಸಿರಲಿಲ್ಲ. ಅವರೂ ಗಮನಿಸಿದ್ದು ಆ ಮಂಚದ ಮೇಲಿಂದಲೇ.

ಗಂಡ ಬಲೆ ಕೆಳಗಿಟ್ಟು ಹಾರೆ ಹಿಡಿದು ಬಂದರು. ಅಂದಿನಿಂದ ನಮಗಿಬ್ಬರಿಗೂ ಮಂಚದಿಂದಲೇ ಅಪ್ಪಣೆ.

"ಹ್ವಾಯ್! ಅಲ್ಲಲ್ಲ, ಆಚಿಗ್ ಕಡಿ! ನೀರ್ ಹೋಪುಕ್ ದಾರಿ ಬೇಕಲೆ!"

ಆ ಕೂಗು ಕೇಳಿ ಗಂಡ ಹಾರೆ ನಿಲ್ಲಿಸಿ ನನ್ನ ಮುಖ ನೋಡಿದರು. ಅವರ ಕಣ್ಣು ತುಂಬಿತ್ತು. ಮೀನು ಮಾರುವಾಗಿನ ಅದೇ ದನಿ. ನಾವಿಬ್ಬರೂ ಮತ್ತೆ ಅಗೆಯಲು ಬಗ್ಗಿದೆವು.

ಬಾವಿಯ ಬದಿಯಿಂದ ಒಂದು ಕಣಿ ತೋಡಿ ನೀರಿಗೆ ದಾರಿ ಮಾಡಿದೆವು. ಮೀನು ಒಣಗಿಸುವ ಜಾಗದಲ್ಲಿ ತೆಂಗಿನ ಸಿಪ್ಪೆ ಹಾಸಿ, ಅದರ ಮೇಲೆ ತರಗೆಲೆ, ಸೆಗಣಿ, ಅಲ್ಲಿಲ್ಲಿ ಉಳಿದ ಬಾರ್ಕೂರಿನ ಮಣ್ಣನ್ನು ಕೆರೆದು ತಂದು ದಿಬ್ಬ ಮಾಡಿದೆವು. ಉಪ್ಪುಗಾಳಿಗೆ ಅಡ್ಡವಾಗಿ ಪಡುಗಡೆ ತೆಂಗಿನ ಮಡಲಿನ ತಟ್ಟಿ ಕಟ್ಟಿದೆವು. ಬಳ್ಳಿಗೆ ಚಪ್ಪರ ಬೇಕೆಂದಾಗ ಗಂಡ ಹರಿದ ಬಲೆಯೊಂದನ್ನು ತಂದು ಕಂಬಗಳ ಮೇಲೆ ಹರಡಿದರು. ಎಲ್ಲಿ ಯಾವುದು ಎಂಬ ಮಾತಿಗೆ ಮಾತ್ರ ದಿನವೂ ಚರ್ಚೆ. ಅತ್ತೆಗೆ ಹಾಗಲ ಬೇಕೇಬೇಕು. ಆ ಮನೆಯಲ್ಲಿ ಯಾರೂ ಹಾಗಲ ತಿನ್ನುವವರಲ್ಲ, ಅವರೂ ಸೇರಿ.

"ತಿಂಬುಕಲ್ಲ ಮಾರಾಯ್ತಿ," ಅಂದರು. "ಅದ್ರ್ ಹೂಗ್ ಕಾಂಬುಕ್ ಚೆಂದ."

ಉಳಿದಿದ್ದ ಬೀಜದ ಜೊತೆ ಬಸಳೆ, ಹರಿವೆ, ಮುಳ್ಳುಸೌತೆ, ಕೊನೆಗೆ ಹಾಗಲವನ್ನೂ ಹಾಕಿದೆವು. ಮಳೆ ಬಂದಾಗೆಲ್ಲ ಅತ್ತೆಯ ವರದಿ ಬರುತ್ತಿತ್ತು: ಕಣಿಗೆ ಎಲೆ ಸಿಕ್ಕಿಕೊಂಡಿದೆ, ತೆಗಿ. ಬೆಂಡೆಯ ಬುಡ ಕೊಚ್ಚಿಹೋಗುತ್ತಿದೆ, ಮಣ್ಣು ಏರಿಸು. ಅಷ್ಟು ಹೇಳಿ ಅವರು ಗಂಜಿಯನ್ನೂ ಕೇಳಿ ಉಣ್ಣತೊಡಗಿದರು.

ಒಂದು ಮಧ್ಯಾಹ್ನ ನಾನು ರೇಷನ್ನಿಗೆ ಹೋಗಿದ್ದೆ. ಗಂಡ ಕಡಲ ದಡದಲ್ಲಿದ್ದರು. ಅಲೆ ಮೇಲೇರಿ ಬರುತ್ತಿದ್ದುದರಿಂದ ಊರವರೆಲ್ಲ ಸೇರಿ ದೋಣಿಗಳನ್ನು ಇನ್ನಷ್ಟು ಒಳಕ್ಕೆ ಎಳೆಯುತ್ತಿದ್ದರು. ದಾರಿಯಲ್ಲೇ ಗಾಳಿ ಎದ್ದು ನನ್ನ ಕೊಡೆ ಮಗುಚಿತು. ಒದ್ದೆಯಾಗಿ ಮನೆಗೆ ಓಡಿ ಬಂದು ನೋಡಿದರೆ ಮಂಚ ಖಾಲಿ.

ಹಿತ್ತಲಿಗೆ ಧಾವಿಸಿದೆ. ಮಳೆಯಲ್ಲಿ ಅತ್ತೆ ನಿಂತಿದ್ದರು. ವಾಕರಿನ ಕಾಲು ಹೊಯ್ಗೆಯಲ್ಲಿ ಹೂತಿತ್ತು. ಒಂದು ಕೈ ಅದರ ಮೇಲೆ, ಇನ್ನೊಂದು ಕೈಯಲ್ಲಿ ವಾಲಿದ ಚಪ್ಪರದ ಕಂಬ. ಹೀರೆಬಳ್ಳಿ ಅವರ ಹೆಗಲ ಮೇಲೆಯೇ ಜೋತುಬಿದ್ದಿತ್ತು.

"ನನ್ನ್ ಎಂತ ಕಾಂತಾ ನಿಂತಿದ್ದೆ? ಹಿಡ್ಕೊ ಬಾ!"

"ಅತ್ತೆ, ಬಿದ್ದಿದ್ರೆ ಏನು ಗತಿ?" ನಾನು ಕಿರುಚಿಯೇ ಬಿಟ್ಟೆ.

"ಬೀಳ್ಲಿಲ್ಲೆ ಅಲ್ದಾ? ಚಪ್ರ ಬೀಳ್ತಿತ್ತ್. ಕಂಡ್ಕಂಡೇ ಮಲ್ಕಂಬುಕ್ ಆತ್ತಾ?"

ಕಂಬ ಹಿಡಿದೆ. ಸಿಟ್ಟು, ಹೆದರಿಕೆ, ನಗು ಎಲ್ಲ ಒಟ್ಟಿಗೇ ಬಂದವು. ಅತ್ತೆ ಚಳಿಗೆ ನಡುಗುತ್ತಿದ್ದರು. ಗಂಡ ಬರುವವರೆಗೂ ನಾವಿಬ್ಬರೂ ಒಂದೇ ಕಂಬ ಹಿಡಿದು, ಒಬ್ಬರಿಗೊಬ್ಬರು ಒರಗಿ ನಿಂತೆವು. ಅತ್ತೆಯನ್ನು ನಾನು ಅಷ್ಟು ಹತ್ತಿರದಿಂದ ಮುಟ್ಟಿದ್ದು ಅದೇ ಮೊದಲಿರಬೇಕು. ಆಸ್ಪತ್ರೆಯಲ್ಲಿ ಮೈ ಒರೆಸಿದ್ದೇನೆ ನಿಜ, ಆದರೆ ಅದು ಬೇರೆ.

ಮುಂದಿನ ಸಲ ತೋರಿಸಲು ಹೋದಾಗ ಡಾಕ್ಟರು ಈ ಸಂಗತಿ ಕೇಳಿ ಬೈದರು. ಆಮೇಲೆ ಅತ್ತೆಯನ್ನು ಬಾಗಿಲವರೆಗೆ ನಡೆಸಿ ನೋಡಿ, ಬೈದದ್ದು ಮರೆತು ನಕ್ಕರು.

ಚೌತಿಯ ಹೊತ್ತಿಗೆ ಹಿತ್ತಲು ತುಂಬಿತ್ತು. ಎಲ್ಲವೂ ಬಂದಿತೆಂದಲ್ಲ. ಅಲಸಂಡೆ ಹೇನು ಹತ್ತಿ ಹಾಳಾಯಿತು, ಮುಳ್ಳುಸೌತೆ ಪಿಂದೆಯಲ್ಲೇ ಕೊಳೆಯಿತು. ಆದರೆ ಬೆಂಡೆ, ಹೀರೆ, ಹರಿವೆ ಕೈತುಂಬ. ಬಸಳೆಗೆ ಒಣ ಚಟ್ಲಿ, ಅಂದರೆ ಸಿಗಡಿ, ಹಾಕಿ ಪದಾರ್ಥ ಮಾಡಿದ ದಿನ ಅತ್ತೆ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಅವರು ಮೀನು ಕೊಡುತ್ತಿದ್ದ ಮನೆಗಳ ಹೆಂಗಸರು ಒಬ್ಬೊಬ್ಬರಾಗಿ ನೋಡಲು ಬರತೊಡಗಿದರು. ಬಂದವರನ್ನೆಲ್ಲ ಅತ್ತೆ ವಾಕರ್ ಹಿಡಿದು ಹಿತ್ತಲಿಗೆ ಕರೆದೊಯ್ಯುತ್ತಿದ್ದರು. ಮೊದಲು ಹಾಗಲದ ಹಳದಿ ಹೂವು ತೋರಿಸುವರು. ಹೊರಡುವಾಗ ಬಸಳೆಯ ಕಟ್ಟು ಕೈಗಿಡುವರು.

ಬುಟ್ಟಿಯನ್ನು ಅವರು ಮತ್ತೆ ಹೊರಲಿಲ್ಲ. ವಾಕರ್ ಹೋಗಿ ಕೋಲು ಬಂತು. ಆಮೇಲಿನ ಪ್ರತಿ ಮಳೆಗಾಲವೂ ಅವರು ಮಾಡಿನಡಿ ಸ್ಟೂಲಿನ ಮೇಲೆ ಕೂತರು, ನಾನು ಹಿತ್ತಲಲ್ಲಿ ಬಗ್ಗಿ ಕಳೆ ಕಿತ್ತೆ. ಕೈ ಕೆಲಸದಲ್ಲಿದ್ದರೆ ಮಾತು ತಾನಾಗಿ ಬರುತ್ತದೆ. ಅವರು ಕಿರಿಮಂಜೇಶ್ವರದ ಹುಡುಗಿ ಎಂಬುದಷ್ಟೇ ನನಗೆ ಗೊತ್ತಿತ್ತು. ಮದುವೆಯಾಗಿ ಬಂದ ದಿನ ಬೀಜಾಡಿಯ ದಾರಿ ಮುಗಿಯುವವರೆಗೂ ಅತ್ತದ್ದು, ಮೊದಲ ಸಲ ಮೀನು ಕೂಗಲು ನಾಚಿ ಒಬ್ಬರ ಮನೆಯ ಬೇಲಿಯಾಚೆ ಸುಮ್ಮನೆ ನಿಂತದ್ದು, ಇವೆಲ್ಲ ಆ ಸಾಲುಗಳ ನಡುವೆ ಕೇಳಿದೆ. ನಾನೂ ನನ್ನದನ್ನು ಹೇಳಿದೆ.

ಅವರು ತೀರಿಕೊಂಡು ಈಗ ಕೆಲವು ವರ್ಷಗಳಾದವು. ಹೆಚ್ಚು ಮಲಗದೆ, ಯಾರ ಕೈಗೂ ಬೀಳದೆ ಹೋದರು. ಅವರ ಜೊತೆ ಅಷ್ಟು ಮಳೆಗಾಲ ಸಿಕ್ಕಿತಲ್ಲ ಎಂದು ದೇವರಿಗೆ ಕೈಮುಗಿಯುತ್ತೇನೆ. ಒಮ್ಮೆ ಹರಿವೆ ಸೋಸುತ್ತ ಅವರು ತಲೆಯೆತ್ತದೆ ಅಂದ ಮಾತು ನೆನಪಾಗುತ್ತದೆ.

"ನೀನ್ ಬಪ್ಪುಕ್ ಮುಂಚೆ ಈ ಮನಿಯಗೆ ನಂಗ್ ಮಾತಾಡುಕೆ ಯಾರೂ ಇರ್ಲಿಲ್ಲೆ ಹೆಣ್ಣೆ."

ಅವರ ಮಡಿಲಿನಿಂದ ಒಂದು ಹಿಡಿ ಸೊಪ್ಪು ತೆಗೆದುಕೊಂಡು ಪಕ್ಕದಲ್ಲಿ ಕೂತು ನಾನೂ ಸೋಸಿದೆ.